ಶನಿವಾರದ ನೂಲು ಹುಣ್ಣಿಮೆ

ಫೆಲ್ಥಮ್‌ನ ನಮ್ಮ ಮನೆಯಲ್ಲಿ ಯಾವ ಹೊತ್ತಿಗೆ ನೋಡಿದರೂ ಯಾರಾದರೂ ಒಬ್ಬರು ನಿದ್ದೆ ಮಾಡುತ್ತಿರುತ್ತಿದ್ದರು. ಅಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಅಪ್ಪನಿಗೆ ಏರ್‌ಪೋರ್ಟಿನ ಸರಕು ಶೆಡ್ಡಿನಲ್ಲಿ ನಸುಕಿನ ಪಾಳಿ. ಒಬ್ಬರು ಬೂಟು ಕಳಚುವ ಹೊತ್ತಿಗೆ ಇನ್ನೊಬ್ಬರು ಬೂಟು ಹಾಕುತ್ತಿದ್ದರು. ಮುಂದಿನ ಕೋಣೆಯಲ್ಲಿ ಅಜ್ಜಿ, ಅಂದರೆ ಅಪ್ಪನ ಅಮ್ಮ. ಆಕೆಯ ನಿದ್ದೆಗೆ ಹಗಲು ರಾತ್ರಿಯ ಭೇದವಿರಲಿಲ್ಲ. ಹೀಗಾಗಿ ನಾನೂ ನನ್ನ ಅಕ್ಕ ಸುಜಾತಳೂ ಪಿಸುಮಾತಿನಲ್ಲೇ ಬೆಳೆದವರು. ಜಗಳ ಕೂಡ ಪಿಸುಮಾತಿನಲ್ಲೇ. ಇದು ಕೂಗಾಡುವುದಕ್ಕಿಂತ ಎರಡರಷ್ಟು ದಣಿವಿನ ಕೆಲಸ. ಕೂಗಿದರೆ ಗಂಟಲು ಕಟ್ಟಿ ಒಂದು ಹೊತ್ತಿಗೆ ಸುಮ್ಮನಾಗಬೇಕಾಗುತ್ತದೆ, ಪಿಸುಗುಟ್ಟುವವರ ಜಗಳಕ್ಕೆ ಮುಗಿತಾಯವೇ ಇಲ್ಲ. ಮನೆಯ ಮೇಲೆ ವಿಮಾನ ಇಳಿಯುವಾಗ ಮಾತ್ರ ಬಾಯಿಬಿಟ್ಟು ಮಾತಾಡಬಹುದಿತ್ತು. ಅಮ್ಮ ಅಪ್ಪನಿಗೆ ಹೇಳಬೇಕಾದ ಖಾರದ ಮಾತುಗಳನ್ನೆಲ್ಲ ಒಟ್ಟುಮಾಡಿಟ್ಟುಕೊಂಡು ದೊಡ್ಡ ವಿಮಾನವೊಂದು ಬರುವುದನ್ನು ಕಾಯುತ್ತಿದ್ದಳು. ಅಮ್ಮನಿಗೆ ಆಗ ಇದ್ದ ವಯಸ್ಸು ನನಗೆ ಈಗ ಆಗಿದೆ. ಆಕೆ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದುದು ಏಕೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮ ಮೈಸೂರಿನವಳು, ಮದುವೆಗೆ ಮುಂಚೆ ಆಕೆ ಮೀನು ಕಂಡಿದ್ದು ಗಾಜಿನ ತೊಟ್ಟಿಯೊಳಗೆ ಮಾತ್ರ. ಅಪ್ಪನ ಕಡೆಯವರು ಗಂಗೊಳ್ಳಿಯ ಕಡಲಂಚಿನವರು. ಅಜ್ಜಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಪೊರೆ ಬಂದ ಕಣ್ಣಿನಿಂದ ಏನೂ ಕಾಣದಿದ್ದರೂ ವಾಸನೆಯ ಮೇಲೆಯೇ ಅಪ್ಪಣೆ ಕೊಡುತ್ತಿದ್ದಳು: ಹುಳಿ ಸಾಲದು, ಕೊತ್ತಂಬರಿ ಸೀದಿದೆ, ಈ ಮೀನು ಸತ್ತು ವಾರವಾಗಿದೆ. ಕೊನೆಯ ಮಾತಂತೂ ಯಾವಾಗಲೂ ನಿಜವಾಗಿರುತ್ತಿತ್ತು. ಅಮ್ಮ ಒಂದಕ್ಕೂ ಎದುರಾಡುತ್ತಿರಲಿಲ್ಲ. ಅತ್ತೆಯ ಮೇಲಿನ ಭಕ್ತಿಯಿಂದ ಅಂತ ನಾನು ತಿಳಿದಿದ್ದೆ. ಎದುರಾಡಲು ತ್ರಾಣವಿರಲಿಲ್ಲ, ಅಷ್ಟೇ.

ಅಜ್ಜ ಮಂಜಿಯ ತಂಡೇಲನಾಗಿದ್ದನಂತೆ. ಮಂಜಿಯೆಂದರೆ ಎಂಜಿನ್ ಇಲ್ಲದೆ ಹಾಯಿಯ ಮೇಲೆಯೇ ಹೋಗುವ ಸರಕಿನ ದೊಡ್ಡ ದೋಣಿ, ತಂಡೇಲನೆಂದರೆ ಅದರ ಯಜಮಾನ. ಮಳೆಗಾಲ ಹಿಡಿಯಿತೆಂದರೆ ಆ ಕಡೆ ಕಡಲಿನ ಬಾಗಿಲು ಮುಚ್ಚಿದಂತೆ. ಶ್ರಾವಣದ ನೂಲು ಹುಣ್ಣಿಮೆಯ ದಿನ ದಡದಲ್ಲಿ ನಿಂತು ಹಾಲು ಹೊಯ್ದು, ತೆಂಗಿನಕಾಯಿಯನ್ನು ಇಡಿಯಾಗಿ ನೀರಿಗೆ ಬಿಟ್ಟ ಮೇಲೆಯೇ ಅದು ಮತ್ತೆ ತೆರೆಯುವುದು. ಒಂದು ವರ್ಷ ಹೆಂಚಿನ ವ್ಯಾಪಾರಿಯೊಬ್ಬ ಅವಸರ ಮಾಡಿದನೆಂದು ಅಜ್ಜ ಹುಣ್ಣಿಮೆಗೆ ಮೊದಲೇ ಮಂಜಿ ಬಿಟ್ಟ. ಹೋದವನು ಬರಲಿಲ್ಲ, ಮಂಜಿಯ ಒಂದು ಹಲಗೆಯೂ ಬರಲಿಲ್ಲ. ಅಪ್ಪನಿಗೆ ಆಗ ತಂದೆಯ ಮುಖ ನೆನಪುಳಿಯುವಷ್ಟೂ ವಯಸ್ಸಾಗಿರಲಿಲ್ಲ. ಬೇರೆ ಮನೆಗಳಲ್ಲಿ ಮಕ್ಕಳಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುವಂತೆ ನಮಗೆ ಅಜ್ಜಿ ಈ ಕಥೆ ಹೇಳುತ್ತಿದ್ದಳು, ಕಡೆಯ ಸಾಲು ಯಾವಾಗಲೂ ಒಂದೇ:

"ನೂಲ್ ಹುಣ್ಣ್ಮಿ ಆಗ್ದೆ ಕಡ್ಲಿಗ್ ಇಳುಕಾಗ."

ಆದರೆ ಲಂಡನ್ನಿನಲ್ಲಿ ಹುಣ್ಣಿಮೆಯ ಲೆಕ್ಕವನ್ನು ಯಾರು ಇಡುತ್ತಾರೆ? ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆಕೆಯ ಪಂಚಾಂಗ ಅಪ್ಪನ ಬಾಯಿ. ಅಪ್ಪನಿಗೋ, ರಜೆ ಇದ್ದ ದಿನವೇ ಹಬ್ಬ. ಈ ವಿದ್ಯೆ ಅವನೊಬ್ಬನದಲ್ಲ, ಇಲ್ಲಿನ ಕನ್ನಡದವರೆಲ್ಲ ಅದರಲ್ಲಿ ಪಳಗಿದವರೇ. ಹ್ಯಾರೋದ ಶಾಲೆಯ ಸಭಾಂಗಣ ಯಾವ ಶನಿವಾರ ಬಾಡಿಗೆಗೆ ಸಿಗುತ್ತದೋ ಅವತ್ತೇ ಯುಗಾದಿ. ಬೆಂಗಳೂರಿನ ಐಟಿಯವರು, ಧಾರವಾಡದ ಡಾಕ್ಟರರು, ನಾವು, ಎಲ್ಲರೂ ಸೇರಿ ಬೇವು ಬೆಲ್ಲ ತಿಂದು ಹೊರಬರುವಷ್ಟರಲ್ಲಿ ಊರಿನಲ್ಲಿ ರಾಮನವಮಿಯೂ ಮುಗಿದಿರುತ್ತಿತ್ತು. ಅಜ್ಜಿ ಇದನ್ನೆಲ್ಲ ಕೇಳಿ ನಕ್ಕು ಬಿಟ್ಟುಬಿಡುತ್ತಿದ್ದಳು. ಈ ಊರಿನಲ್ಲಿ ದೇವರಿಗೂ ಶನಿವಾರವೇ ಪುರುಸೊತ್ತು ಎನ್ನುತ್ತಿದ್ದಳು. ನೂಲು ಹುಣ್ಣಿಮೆಯೊಂದನ್ನು ಮಾತ್ರ ಯಾರೂ ಅಲುಗಿಸಿರಲಿಲ್ಲ, ಏಕೆಂದರೆ ಅದುವರೆಗೆ ನಮ್ಮ ಮನೆಯಿಂದ ಯಾರೂ ಕಡಲಿಗೆ ಹೋಗುವವರಿರಲಿಲ್ಲ.

ಆ ವರ್ಷ ಅಕ್ಕನಿಗೆ ಹದಿನೇಳು. ದೊಡ್ಡ ಹಾಯಿಹಡಗುಗಳ ಪಂದ್ಯಕ್ಕೆ ಅವಳ ಶಾಲೆಯಿಂದ ಕೆಲವು ಮಕ್ಕಳನ್ನು ಕಲಿಕೆಯ ನಾವಿಕರಾಗಿ ಆರಿಸಿದರು, ಅದರಲ್ಲಿ ಸುಜಾತಳ ಹೆಸರೂ ಇತ್ತು. ಈಜುಕೊಳದಲ್ಲೇ ಕಾಲು ನೆಲಕ್ಕೆ ಮುಟ್ಟುವ ಕಡೆ ನಿಲ್ಲುತ್ತಿದ್ದವಳು ಇದಕ್ಕೆ ಯಾಕೆ ಹೆಸರು ಕೊಟ್ಟಳೆಂದು ಕೇಳಿದೆ. ಅವಳು ಹಾಸಿಗೆಯಲ್ಲಿ ನನ್ನ ಕಡೆ ತಿರುಗದೆಯೇ ಹೇಳಿದಳು:

"ಐ ಜಸ್ಟ್ ವಾಂಟ್ ಟು ಬಿ ಸಮ್‌ವೇರ್ ಪೀಪಲ್ ಶೌಟ್."

ಅಪ್ಪನಿಗೆ ಹಡಗಿನ ಹುಚ್ಚು ಹಿಡಿದದ್ದು ಆಗಲೇ. ತಂಡೇಲನ ರಕ್ತ ಒಂದು ತಲೆಮಾರು ದಾಟಿ ಎದ್ದಿತು ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಅಕ್ಕನಿಗೆ ವಾರಾಂತ್ಯಗಳಲ್ಲಿ ದಕ್ಷಿಣದ ತೀರದ ಒಂದೊಂದು ಬಂದರಿನಲ್ಲಿ ತರಬೇತಿ ಇರುತ್ತಿತ್ತು, ಅಲ್ಲೆಲ್ಲ ಬೇಸಿಗೆಯ ಬಂದರು ಉತ್ಸವಗಳು. ಅವಳ ಹಿಂದೆ ನಮ್ಮ ಇಡೀ ಸಂಸಾರ. ಮುಂದಿನ ಸೀಟಿನಲ್ಲಿ ಕೋಟು, ಕಾಲುಚೀಲ, ಅದರ ಮೇಲೆ ಚಪ್ಪಲಿ ತೊಟ್ಟ ಅಜ್ಜಿ; ಹಿಂದೆ ರಾತ್ರಿ ಪಾಳಿ ಮುಗಿಸಿ ಬಂದು ಬಾಯಿ ತೆರೆದು ಮಲಗಿದ ಅಮ್ಮ; ಅವಳ ತಲೆ ನನ್ನ ಭುಜದ ಮೇಲೆ, ನನ್ನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ಆ ಬೇಸಿಗೆಯನ್ನು ಜನ ಎಷ್ಟು ಚಂದದ್ದೆಂದು ನೆನೆಯುತ್ತಾರೋ ನನಗೆ ತಿಳಿಯದು. ನನಗೆ ನೆನಪಿರುವುದು ಪಾರ್ಕಿಂಗಿಗಾಗಿ ಸುತ್ತಿದ ಸುತ್ತು, ಟಾಯ್ಲೆಟ್ಟಿನ ಮುಂದಿನ ಸಾಲು, ಅದೇ ನಾಲ್ಕು ಹಾಡು ಬಾರಿಸುವ ಬ್ಯಾಂಡು, ಕೈಯಿಂದ ಚಿಪ್ಸ್ ಕಿತ್ತುಕೊಳ್ಳುವ ಕಡಲಕ್ಕಿಗಳು. ಹಡಗುಗಳೇನೋ ದೊಡ್ಡವೇ ಇದ್ದವು. ಕತ್ತು ಹಿಂದಕ್ಕೆ ವಾಲಿಸಿದರೂ ಕೂವೆಮರದ ತುದಿ ಕಾಣುತ್ತಿರಲಿಲ್ಲ. ಅಷ್ಟೆತ್ತರದಲ್ಲಿ ನೊಣದಷ್ಟೇ ಕಾಣುವ ಮಕ್ಕಳು ಹಾಯಿ ಕಟ್ಟುತ್ತಿದ್ದರು. ಅವರಲ್ಲಿ ಅಕ್ಕ ಯಾರೆಂದು ಅಪ್ಪ ಪ್ರತಿ ಸಲವೂ ತೋರಿಸುತ್ತಿದ್ದ, ಪ್ರತಿ ಸಲವೂ ತಪ್ಪು ತೋರಿಸುತ್ತಿದ್ದ.

ಅಜ್ಜಿ ಮಾತ್ರ ಈ ಸುತ್ತಾಟದಲ್ಲಿ ಸುಖವಾಗಿದ್ದಳು. ಮಡಚುವ ಕುರ್ಚಿಯಲ್ಲಿ ಕೂತು ಗಾಳಿ ಮೂಸುತ್ತಿದ್ದಳು. ಹಗ್ಗ ಕೈಗೆ ಸಿಕ್ಕರೆ ಸವರಿ ನೋಡುತ್ತಿದ್ದಳು. ಎಲ್ಲ ಹಡಗುಗಳೂ ದಡಕ್ಕೆ ಕಟ್ಟಿಯೇ ಇದ್ದವಲ್ಲ, ಇಂಗ್ಲಿಷರೂ ನೂಲು ಹುಣ್ಣಿಮೆಗೆ ಕಾಯುತ್ತಿದ್ದಾರೆಂದು ಆಕೆ ತಿಳಿದುಬಿಟ್ಟಿದ್ದಳು. ಬುದ್ಧಿವಂತರು ಎಂದು ಮೆಚ್ಚಿಕೊಂಡೂ ಇದ್ದಳು. ಒಂದು ಭಾನುವಾರ ತೋಪು ಹಾರಿತು, ಜನ ಹೋ ಎಂದರು. ಏನೆಂದು ಕೇಳಿದಾಗ ನಾನು, ಹಡಗುಗಳು ಹೊರಟವು ಅಜ್ಜಿ, ಅಕ್ಕನದೂ ಬರುವ ತಿಂಗಳು ಹೀಗೆಯೇ ಹೊರಡುತ್ತದೆ ಎಂದೆ. ಅಜ್ಜಿ ಕುರ್ಚಿಯಿಂದ ಎದ್ದು ನಿಂತಳು. ಮನೆ ಸೇರಿದ ಮೇಲೆ, ಅಪ್ಪ ಕಾರಿನ ಕೀಲಿಯನ್ನು ಮೊಳೆಗೆ ಹಾಕುವ ಮುಂಚೆಯೇ ಹೇಳಿದಳು:

"ಹೆಣ್ಣ್ ಹೋಯ್ಲಿ. ನಾ ಬ್ಯಾಡ ಅಂಬುದಿಲ್ಲ. ನೂಲ್ ಹುಣ್ಣ್ಮಿ ಕಳ್ದ್ ಹೋಯ್ಲಿ."

ಹಡಗು ಹೊರಡುವುದು ಹುಣ್ಣಿಮೆಗೆ ಎಷ್ಟೋ ಮುಂಚೆ. ಹುಣ್ಣಿಮೆಯ ಹೊತ್ತಿಗೆ ಅಕ್ಕ ನಡುಸಮುದ್ರದಲ್ಲಿ ಇರುತ್ತಾಳೆ. ಅತ್ತ ದರಿ ಇತ್ತ ಪುಲಿ ಎನ್ನುವುದು ಅಪ್ಪನ ಪಾಡಾಯಿತು. ಅಕ್ಕ ತನಗೆ ಯಾರ ಅಪ್ಪಣೆಯೂ ಬೇಕಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು. ಅಜ್ಜಿ ತನ್ನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಮುದುಕಿಯ ಅಳುವಿಗೆ ಸದ್ದೇ ಇರಲಿಲ್ಲ, ಅದೂ ನಮ್ಮ ಮನೆಯ ಪಿಸುಮಾತಿನ ಹಾಗೆಯೇ. ಅಪ್ಪ ಅಡುಗೆಮನೆಯಲ್ಲಿ ತನ್ನ ಉಪಾಯವನ್ನು ಅಮ್ಮನ ಮುಂದಿಟ್ಟ: ಯುಗಾದಿಯನ್ನೇ ಸರಿಸಿದವರು ನಾವು, ಇದನ್ನೊಂದು ತಿಂಗಳು ಹಿಂದಕ್ಕೆ ಸರಿಸಿದರೆ ಏನು? ಅದೂ ಹುಣ್ಣಿಮೆಯೇ, ಇದೂ ಹುಣ್ಣಿಮೆಯೇ. ಅಮ್ಮ ಸಿಂಕಿನಲ್ಲಿ ಕೈ ಇಟ್ಟುಕೊಂಡೇ ಇದ್ದಳು. ಆಗ ವಿಮಾನ ಯಾವುದೂ ಬರಲಿಲ್ಲ, ಆದರೂ ಸಾಕಷ್ಟು ಗಟ್ಟಿಯಾಗಿಯೇ ಹೇಳಿದಳು:

"ಅವಳು ಹೋಗ್ಲಿ. ಈ ಮನೆಯಿಂದ ಒಬ್ರಾದ್ರೂ ಹೊರಗೆ ಹೋಗಿ ಉಸಿರಾಡ್ಲಿ. ಆದ್ರೆ ಸುಳ್ಳು ನೀವೇ ಹೇಳ್ಕೊಳ್ಳಿ. ಹೇಳಿದ್ಮೇಲೆ ಅದನ್ನ ಕಾಯ್ಬೇಕಲ್ಲ, ಅಷ್ಟು ಶಕ್ತಿ ನಂಗಿಲ್ಲ."

ಅಪ್ಪ ಹೇಳಿದ. ಈ ಸಲ ಹುಣ್ಣಿಮೆ ಬೇಗ ಬಂದಿದೆ, ಬರುವ ಶನಿವಾರವೇ ಎಂದ. ಅಜ್ಜಿ ತಿರುಗಿ ಒಂದು ಮಾತೂ ಕೇಳಲಿಲ್ಲ. ಆಕೆಯ ಮುಖ ಒಮ್ಮೆಗೇ ಸಡಿಲಾದದ್ದನ್ನು ನೋಡಿ ನನಗೂ ಸಂತೋಷವಾಯಿತು.

ಆ ಶನಿವಾರ ಅಕ್ಕನ ಹಡಗು ನಿಂತಿದ್ದ ಬಂದರಿಗೆ ಹೋದೆವು. ಅಜ್ಜಿ ಊರಿನಿಂದ ತಂದಿದ್ದ ರೇಷ್ಮೆ ಸೀರೆ ಉಟ್ಟಿದ್ದಳು. ಗ್ರೀನ್‌ಫರ್ಡಿನ ಅಂಗಡಿಯಿಂದ ತಂದ ತೆಂಗಿನಕಾಯಿಗೆ ಜುಟ್ಟೇ ಇರಲಿಲ್ಲ. ಆಕೆ ಅದಕ್ಕೂ ಅರಿಸಿನ ಕುಂಕುಮ ಹಚ್ಚಿದಳು. ಅರ್ಧ ಲೀಟರ್ ಹಾಲನ್ನು ಪ್ಲಾಸ್ಟಿಕ್ ಬಾಟಲಿಯಿಂದಲೇ ಹೊಯ್ದಳು. ಅಕ್ಕ ನೀಲಿ ಅಂಗಿಯಲ್ಲಿ ಬಂದು ತನ್ನ ಹೊಸ ಗೆಳತಿಯರು ನೋಡುತ್ತಿದ್ದಾರೋ ಎಂದು ಹಿಂದೆ ಮುಂದೆ ನೋಡಿ, ತಲೆ ಬಗ್ಗಿಸಿ ನಿಂತಳು. ಅಜ್ಜಿ ಕಾಯಿಯನ್ನು ಅವಳ ತಲೆಗೆ ಮೂರು ಸಲ ನಿವಾಳಿಸಿ ಎರಡೂ ಕೈಯಿಂದ ನೀರಿಗೆ ಬಿಟ್ಟಳು. ಕಾಯಿ ಮುಳುಗಿತು, ಎದ್ದಿತು, ಹಡಗಿನ ಹೊಟ್ಟೆಗೆ ಬಡಿಯುತ್ತ ತೇಲಿತು. ಆ ಹೊತ್ತಿಗೆ ಉತ್ಸವದ ಸ್ವಯಂಸೇವಕನೊಬ್ಬ ರಬ್ಬರ್ ದೋಣಿಯಲ್ಲಿ ಆ ಕಡೆಗೆ ಬಂದ. ಒಳ್ಳೆಯ ಮನುಷ್ಯ, ಬಿಳಿ ಗಡ್ಡ, ಕೆಂಪು ಮೂಗು. ಬಲೆಯಿಂದ ಕಾಯಿಯನ್ನು ಎತ್ತಿ, ಮೆಟ್ಟಿಲ ಬಳಿ ದೋಣಿ ತಂದು, ಯಾರದೋ ವಸ್ತು ಬಿದ್ದುಹೋಗಿದೆಯೆಂಬ ಕಾಳಜಿಯಿಂದ ಅಜ್ಜಿಯ ಕೈಗೇ ಕೊಟ್ಟ.

"ಯೂ ಡ್ರಾಪ್ಡ್ ದಿಸ್, ಲವ್."

ಅಪ್ಪನ ಮುಖ ಬಿಳುಚಿತು. ಕಡಲಿಗೆ ಕೊಟ್ಟದ್ದನ್ನು ಕಡಲು ಒಲ್ಲೆನೆಂದಿದೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ದಿನ ತಪ್ಪೆಂದು ಗೊತ್ತಿದ್ದವರಲ್ಲಿ ಗಂಗೊಳ್ಳಿಯವನು ಅವನೊಬ್ಬನೇ. ಅಜ್ಜಿಯಾದರೋ ನೀರು ಸೋರುವ ಕಾಯಿಯನ್ನು ಕಣ್ಣಿಗೊತ್ತಿಕೊಂಡು, ಇದು ಪ್ರಸಾದ, ಈ ಊರಿನ ಕಡಲಿಗೆ ಧಾರಾಳ ಕೈ ಎಂದಳು. ಮರುದಿನ ಅದನ್ನೇ ತುರಿಸಿ ಚಟ್ನಿ ಮಾಡಿಸಿದಳು. ಅಪ್ಪ ಚಟ್ನಿ ಮುಟ್ಟಲಿಲ್ಲ.

ಹಡಗು ಹೊರಟ ಮೇಲೆ ಮನೆಯಲ್ಲಿ ಎಲ್ಲ ತಿರುವುಮುರುವಾಯಿತು. ಅಜ್ಜಿ ನೆಮ್ಮದಿಯಿಂದ ಉಂಡು ನಿದ್ದೆ ಹೋದಳು. ಅಪ್ಪ ಬಡವಾದ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ. ಹುಣ್ಣಿಮೆಯ ಲೆಕ್ಕವನ್ನು ನಗೆಯಾಡಿದವನ ಒಳಗೆ, ತಂದೆ ಯಾಕೆ ಬರಲಿಲ್ಲವೆಂದು ಆ ಒಂದೇ ಕಥೆ ಕೇಳಿ ಬೆಳೆದ ಮಗು ಇತ್ತು. ಹವಾಮಾನದ ವರದಿಯನ್ನು ರೇಡಿಯೋಗೆ ಕಿವಿ ಹಚ್ಚಿ ಕೇಳುತ್ತಿದ್ದ. ಪಂದ್ಯದ ಕಚೇರಿಗೆ ಫೋನ್ ಮಾಡಿ ಮಾಡಿ, ಅಲ್ಲಿನ ಹೆಂಗಸು ಇವನ ದನಿ ಕೇಳಿದ ಕೂಡಲೇ ಎಲ್ಲ ಚೆನ್ನಾಗಿದೆ ಸರ್ ಎನ್ನುವಂತಾಗಿದ್ದಳು. ತಟ್ಟೆಯ ಮುಂದೆ ಕೂತು ಅನ್ನ ಕಲಸುವುದು, ಕಲಸಿ ಬಿಟ್ಟು ಏಳುವುದು. ಅಮ್ಮ ಮೊದಮೊದಲು ಗದರಿದಳು. ಆಮೇಲೆ ಅವನ ತಟ್ಟೆಗೆ ಬಡಿಸುವುದನ್ನೇ ಕಡಿಮೆ ಮಾಡಿದಳು. ಮೂರು ಪಾಳಿ ಸಾಲಾಗಿ ಮಾಡಿದವಳಿಗೆ ಗಂಡನ ಭಯವನ್ನೂ ಹೊರಲು ಹೆಗಲು ಉಳಿದಿರಲಿಲ್ಲ. ಅಪ್ಪನನ್ನು ಆ ಸ್ಥಿತಿಯಲ್ಲಿ ನೋಡುವುದು ನನಗೆ ಅಕ್ಕನ ಚಿಂತೆಗಿಂತ ದೊಡ್ಡ ಸಂಕಟವಾಗಿತ್ತು.

ಆಮೇಲೊಂದು ಮಂಗಳವಾರ ಬೆಳಿಗ್ಗೆ ಫೋನ್ ಬಂತು. ಗಂಗೊಳ್ಳಿಯಿಂದ ಅಜ್ಜಿಯ ತಮ್ಮನ ಮಗಳು ಗಂಗಿ. ನಾನು ರಿಸೀವರನ್ನು ಅಜ್ಜಿಯ ಕೈಗೆ ಕೊಟ್ಟೆ. ಆ ಕಡೆಯ ದನಿ ಕೋಣೆಯ ತುಂಬ ಕೇಳುತ್ತಿತ್ತು, ಊರಿನವರು ಫೋನಿನಲ್ಲಿ ಕೂಗಿಯೇ ಮಾತಾಡುವವರು. ಈಗಷ್ಟೇ ಕಾಯಿ ಬಿಟ್ಟು ಬಂದೆವು, ಕಡಲು ಶಾಂತವಾಗಿತ್ತು, ಜನವೋ ಜನ ಎಂದಳು. ಅಜ್ಜಿ ಹೌದಾ, ಹೌದಾ ಎನ್ನುತ್ತ ಕೇಳಿಸಿಕೊಂಡಳು. ಫೋನ್ ಇಟ್ಟ ಮೇಲೆ ಇವತ್ತು ಯಾವ ವಾರ ಎಂದು ನನ್ನನ್ನು ಕೇಳಿದಳು. ಮಂಗಳವಾರ ಎಂದೆ. ಆಕೆ ಮಂಚದ ಮೇಲೆ ಕೂತು ಸೀರೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಪ್ಪನನ್ನು ಬೈಯುತ್ತಾಳೆ, ಇಲ್ಲವೇ ಕಿರುಚಿ ಅಳುತ್ತಾಳೆ ಎಂದು ನಾನು ಹೆದರಿ ಬಾಗಿಲಲ್ಲೇ ನಿಂತಿದ್ದೆ. ಆಕೆ ಕೇಳಿದ್ದು ಒಂದೇ: ನಿನ್ನ ಅಪ್ಪ ಊಟ ಬಿಟ್ಟು ಎಷ್ಟು ದಿನವಾಯಿತು? ಕಣ್ಣು ಕಾಣದವಳು ಅದನ್ನು ಹೇಗೋ ತಿಳಿದಿದ್ದಳು.

ಅಪ್ಪ ಪಾಳಿ ಮುಗಿಸಿ ಮಧ್ಯಾಹ್ನ ಬಂದ. ಅಮ್ಮ ಬಡಿಸಿದಳು. ಅವನು ಎಂದಿನಂತೆ ಅನ್ನದಲ್ಲಿ ಬೆರಳಾಡಿಸುತ್ತ ಕೂತ. ಅಜ್ಜಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಅವನ ಎದುರಿನ ಸ್ಟೂಲಿನ ಮೇಲೆ ಕೂತಳು.

"ಗಂಗಿ ಫೋನ್ ಮಾಡಿತ್ತ್. ಊರಂಗೆ ಇವತ್ತ್ ಕಾಯಿ ಬಿಟ್ರಂಬ್ರ್."

ಅಪ್ಪ ಎದ್ದ. ಎಂಜಲು ಕೈ ಗಾಳಿಯಲ್ಲೇ ನಿಂತಿತು. ಆ ವಯಸ್ಸಿನ ಗಂಡಸು ಹಾಗೆ ನಿಂತದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಕೂಕೋ. ನಿನ್ನ್ ಅಪ್ಪಯ್ಯ ನೂಲ್ ಹುಣ್ಣ್ಮಿ ಆದ್ಮೇಲೇ ಹೋದ್ದ್. ಹಾಲ್ ಹೊಯ್ದ್, ಕಾಯಿ ಬಿಟ್ಟ್, ಎಲ್ಲಾ ಸಮ ಮಾಡಿಯೇ ಹೋದ್ದ್. ಮುಂಚೆ ಹೋದ್ರ್ ಅಂದ್ ನಾ ಹೇಳ್ದ್ದ್ ಸುಳ್ಳ್."

ಹಾಗಿದ್ದರೆ ಆ ಸುಳ್ಳನ್ನು ಯಾಕೆ ಹೇಳಿದೆಯೆಂದು ಅಪ್ಪ ಕೇಳಿದ.

"ಅಪ್ಪಯ್ಯ ಎಂತಕೆ ಬರ್ಲಿಲ್ಲ ಅಂದ್ ನೀ ದಿನಾ ಕೇಂತಿದ್ದೆ. ಸಣ್ಣ್ ಮಗಿಗೆ ಎಂತಾರೂ ಒಂದ್ ಹೇಳ್ಕಲೆ. ದಿನಕ್ಕೂ ಕಡ್ಲಿಗೂ ಎಂತದೂ ಇಲ್ಲ. ಹೆಣ್ಣ್ ಬತ್ತ್. ನೀ ಉಣ್."

ಅಪ್ಪ ಕೂತ. ಒಂದು ತುತ್ತು ಬಾಯಿಗಿಟ್ಟುಕೊಂಡು ಅಗಿಯದೆ ಅತ್ತ. ಆಮೇಲೆ ಉಂಡ. ಅಮ್ಮ ಇನ್ನೊಂದು ಸೌಟು ಅನ್ನ ಹಾಕಿದಳು, ಅದನ್ನೂ ಉಂಡ. ಉಂಡವನು ಸೋಫಾದ ಮೇಲೆ ಬಿದ್ದು, ಬೂಟು ಕೂಡ ಬಿಚ್ಚದೆ ಸಂಜೆಯವರೆಗೂ ಮಲಗಿದ. ಇವತ್ತಿಗೂ ಅವನು ಅಜ್ಜಿಯ ಆ ಮಾತನ್ನು ನಂಬಿದ್ದಾನೆ. ತನ್ನ ತಂದೆ ಯಾವ ತಪ್ಪೂ ಮಾಡದೆ ಹೋದವನು, ಕಡಲೇ ಹಾಗೆ ಎಂದು ಮೊಮ್ಮಕ್ಕಳಿಗೆ ಹೇಳುತ್ತಾನೆ. ಹೇಳುವಾಗ ಅವನ ದನಿಯಲ್ಲಿ ಒಂದು ಹಗುರವಿರುತ್ತದೆ.

ಅವತ್ತು ರಾತ್ರಿಯಿಂದ ಅಜ್ಜಿ ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲವೆಂದಳು. ಅಪ್ಪ ಮನೆಯಲ್ಲಿ ಇರುವಾಗ ತಟ್ಟೆಯನ್ನು ತನ್ನ ಕೋಣೆಗೆ ತರಿಸಿಕೊಳ್ಳುತ್ತಿದ್ದಳು, ಅದನ್ನು ಹಾಗೆಯೇ ನನ್ನ ಕೈಯಲ್ಲಿ ಅಡುಗೆಮನೆಗೆ ವಾಪಸು ಕಳಿಸುತ್ತಿದ್ದಳು. ಚಹಾ ಮಾತ್ರ ಕುಡಿಯುತ್ತಿದ್ದಳು. ಅಮ್ಮ ಕೆಲಸಕ್ಕೆ ಹೊರಡುವ ಮುಂಚೆ ಬಂದು ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದಳು. ಅತ್ತೆ ಸೊಸೆ ಅಷ್ಟು ಹತ್ತಿರ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ತಡೆಯಲಾಗಲಿಲ್ಲ, ದಿನಕ್ಕೂ ಕಡಲಿಗೂ ಸಂಬಂಧವೇ ಇಲ್ಲವೆಂದರೆ ಅಜ್ಜಿ ಯಾಕೆ ಉಣ್ಣುತ್ತಿಲ್ಲ ಎಂದು ಅಮ್ಮನನ್ನು ಕೇಳಿದೆ. ಅವಳು ಯೂನಿಫಾರ್ಮಿನ ಗುಂಡಿ ಹಾಕುತ್ತಿದ್ದವಳು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಅದು ನಿಮ್ಮಪ್ಪ ಉಣ್ಣಲಿ ಅಂತ ಹೇಳಿದ್ದು ಕಣೇ. ನಿಮ್ಮಜ್ಜಿ ತಾವೇ ಅದನ್ನ ನಂಬಿಲ್ಲ. ನೀನು ಸುಮ್ನಿರು."

ಸುಮ್ಮನಿರುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಸದಾಗಿರಲಿಲ್ಲ. ನಾನು ಹೋಗಿ ಅಜ್ಜಿಯ ಪಕ್ಕದಲ್ಲಿ ಮಲಗಿದೆ. ಆಕೆಯ ಹೊಟ್ಟೆ ಗುಡುಗುಡು ಸದ್ದು ಮಾಡುವುದು ಕೇಳಿಸುತ್ತಿತ್ತು. ಹಸಿವಾಗಿದೆಯಾ ಎಂದರೆ ಇಲ್ಲವೆಂದು ನನ್ನ ತಲೆ ಸವರಿದಳು.

ಅಕ್ಕನ ಫೋನ್ ಬಂದದ್ದು ಒಂದು ಮಧ್ಯಾಹ್ನ, ಯಾವುದೋ ಬಂದರಿನ ಬೂತಿನಿಂದ. ಹಿಂದೆ ಬ್ಯಾಂಡು, ಜನ, ಗದ್ದಲ. ಇಳಿದೆವು, ಪಂದ್ಯದಲ್ಲಿ ನಮ್ಮದು ಕಡೆಯಿಂದ ಎರಡನೆಯದು, ಮೈಯೆಲ್ಲ ನೋವು ಎಂದು ಕೂಗಿ ಹೇಳಿದಳು. ಅಪ್ಪ ನಗುತ್ತ ತಾನೂ ಕೂಗಿದ. ರಾತ್ರಿ ಪಾಳಿ ಮಾಡಿ ಮಲಗಿದ್ದ ಅಮ್ಮ ಮೇಲಿನಿಂದ ಇಳಿದು ಬಂದು ಕಡೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ನಾನು ಓಡಿಹೋಗಿ ಅಜ್ಜಿಗೆ ಹೇಳಿದೆ. ಆಕೆ ಕೈ ಮುಗಿಯಲಿಲ್ಲ, ಅಳಲೂ ಇಲ್ಲ. ಮಂಚದ ಅಂಚು ಹಿಡಿದು ಎದ್ದು ಕೂರಲು ನೋಡಿದಳು, ಆಗಲಿಲ್ಲ. ಮತ್ತೆ ದಿಂಬಿಗೆ ಒರಗಿ, ಅಪ್ಪನಿಗೆ ಕೇಳದ ಹಾಗೆ, ನನ್ನ ಕಿವಿಯ ಹತ್ತಿರ ಹೇಳಿದಳು:

"ಸಣ್ಣೀ, ಒಂಚೂರ್ ಗಂಜಿ ಇತ್ತಾ ಕಾಣ್."